ಸಂಸಾರಕ್ಕೆ ತಕ್ಕ ಊರು

ಕಳೆದ ಸಂಕ್ರಾಂತಿಯ ಮರುದಿನ ನನ್ನ ಹಳೆಯ ಶಿಷ್ಯನೊಬ್ಬನು ಸಂಸಾರಸಮೇತನಾಗಿ ನಮ್ಮ ಮನೆಗೆ ಬಂದಿದ್ದನು. ಒಂಬತ್ತನೆಯ ತರಗತಿಯಲ್ಲಿ ಶಬ್ದರೂಪಗಳನ್ನು ತಪ್ಪಿಲ್ಲದೆ ಒಪ್ಪಿಸುತ್ತಿದ್ದ ಹುಡುಗ. ಈಗ ಬೆಂಗಳೂರಿನ ಒಂದು ಖಾಸಗಿ ಸಂಸ್ಥೆಯಲ್ಲಿ ಲೆಕ್ಕಪತ್ರಗಳ ಕೆಲಸದಲ್ಲಿರುವ ಗೃಹಸ್ಥ. ಜೊತೆಯಲ್ಲಿ ಹೆಂಡತಿ, ಎಂಟು ವರ್ಷದ ಮಗಳು, ಮೂರು ವರ್ಷದ ಮಗ, ಎಪ್ಪತ್ತು ದಾಟಿದ ತಾಯಿ. ಫಲಾಹಾರವಾದ ಮೇಲೆ ಚೀಲದಿಂದ ಒಂದು ಕಾಗದವನ್ನು ತೆಗೆದು ನನ್ನ ಮುಂದಿಟ್ಟು, “ಮೇಷ್ಟ್ರೇ, ಇದರಲ್ಲಿ ಯಾವ ಊರಿಗೆ ಗುರುತು ಹಾಕಲಿ? ತಾವು ಹೇಳಿದ ಹಾಗೆ ಮಾಡುತ್ತೇನೆ” ಎಂದನು.

ಸಂಗತಿ ಇಷ್ಟೇ. ತಿಂಗಳಿಗೆ ಅವನ ಕೈಗೆ ಬರುವುದು 78,000 ರೂಪಾಯಿ. ಅದರಲ್ಲಿ ಮನೆಯ ಬಾಡಿಗೆಗೆ 27,000 ಹೋಗುತ್ತದೆ. ಶಾಲೆಯ ಶುಲ್ಕ, ಶಾಲೆಯ ವಾಹನ, ತಾಯಿಯ ಸಕ್ಕರೆ ಕಾಯಿಲೆಯ ಔಷಧ, ನೀರಿನ ಟ್ಯಾಂಕರು, ದಿನಸಿ, ಹಾಲು ಎಂದು ಕಳೆಯುತ್ತ ಹೋದರೆ ತಿಂಗಳ ಇಪ್ಪತ್ತೈದನೆಯ ತಾರೀಖಿಗೆ ಉಳಿಯತಕ್ಕದ್ದು ಏನೂ ಇಲ್ಲ. ಇನ್ನು ಮುಂದೆ ಹದಿನೈದು ದಿನಗಳಿಗೊಮ್ಮೆ ಎರಡು ದಿನ ಕಚೇರಿಗೆ ಬಂದರೆ ಸಾಕು, ಉಳಿದ ಕೆಲಸವನ್ನು ಎಲ್ಲಿಂದಲಾದರೂ ಮಾಡಬಹುದು ಎಂದು ಅವನ ಸಂಸ್ಥೆಯವರು ಒಪ್ಪಿದ್ದರಂತೆ. ಆದುದರಿಂದ ಅವನು ಬೆಂಗಳೂರನ್ನು ಬಿಟ್ಟು ಅಗ್ಗವಾದ ಊರೊಂದರಲ್ಲಿ ಮಕ್ಕಳನ್ನು ಬೆಳೆಸಬೇಕೆಂದು ನಿಶ್ಚಯಿಸಿದ್ದನು. ಕಾಗದದಲ್ಲಿ ಏಳು ಊರುಗಳ ಹೆಸರು: ಮೈಸೂರು, ತುಮಕೂರು, ಹಾಸನ, ಶಿವಮೊಗ್ಗ, ದಾವಣಗೆರೆ, ಧಾರವಾಡ, ಕೋಲಾರದ ಚಿನ್ನದ ಗಣಿ. ಪ್ರತಿಯೊಂದರ ಮುಂದೆಯೂ ದಲ್ಲಾಳಿಗಳನ್ನು ಫೋನಿನಲ್ಲಿ ವಿಚಾರಿಸಿ ಬರೆದುಕೊಂಡ ಬಾಡಿಗೆ. ಮೈಸೂರು 16,000, ಧಾರವಾಡ, ದಾವಣಗೆರೆ 11,000, ಕೊನೆಯದು 6,500. ನಾನು ನಿವೃತ್ತನಾಗಿ ನೆಲೆಸಿರುವ ಊರು ಆ ಪಟ್ಟಿಯಲ್ಲಿಯೇ ಇರಲಿಲ್ಲವೆಂಬುದನ್ನು ಗಮನಿಸಿದೆ. ಆದರೆ ಆ ವಿಷಯ ನಾನೇ ಎತ್ತತಕ್ಕದ್ದಲ್ಲ.

“ಇದರಲ್ಲಿ ಬಾಡಿಗೆಯೊಂದನ್ನುಳಿದು ಬೇರೇನೂ ಇಲ್ಲವಲ್ಲ?” ಎಂದು ಕೇಳಿದೆ. “ಮಿಕ್ಕ ಖರ್ಚೆಲ್ಲ ಎಲ್ಲಿದ್ದರೂ ಒಂದೇ ಅಲ್ಲವೇ, ಮೇಷ್ಟ್ರೇ?” ಎಂದನು.

ಈ ಮಾತಿಗೆ ನಾನು ಒಡನೆಯೇ ಉತ್ತರ ಕೊಡಲಿಲ್ಲ. ಕಾರಣವೇನೆಂದರೆ, ಇಪ್ಪತ್ತೆಂಟು ಇಪ್ಪತ್ತೊಂಬತ್ತು ವರ್ಷಗಳ ಹಿಂದೆ ಇದೇ ಮಾತನ್ನು ನಾನೂ ಆಡಿದ್ದೆನು.

1996ರಲ್ಲಿ ನನಗೆ ಒಂದು ತಾಲ್ಲೂಕು ಕೇಂದ್ರಕ್ಕೆ ವರ್ಗವಾಯಿತು. ಪೇಟೆಯ ನಡುವೆ ಶಾಲೆಗೆ ಸಮೀಪವಾಗಿ ಒಂದು ಮನೆ ಇತ್ತು, ಬಾಡಿಗೆ 600. ಊರ ಹೊರಗೆ ಹೊಸ ಬಡಾವಣೆಯಲ್ಲಿ ಇನ್ನೊಂದು, 350. ನಾನು ತಿಂಗಳಿಗೆ 250 ಉಳಿಯಿತೆಂದು ಹಿಗ್ಗಿ, ಮನೆಯಾಕೆಯನ್ನು ಒಂದು ಮಾತೂ ಕೇಳದೆ ಎರಡನೆಯದಕ್ಕೆ ಮುಂಗಡ ಕೊಟ್ಟು ಬಂದೆನು. ಆಕೆ ಆ ಮನೆಯನ್ನು ಮೊದಲು ನೋಡಿದ್ದು ಪಾತ್ರೆಪರಟಿಗಳ ಗಾಡಿ ಬಾಗಿಲಲ್ಲಿ ನಿಂತ ಮೇಲೆಯೇ. ಮನೆಯೇನೋ ಗಾಳಿ ಬೆಳಕುಗಳಿಂದ ಚೆನ್ನಾಗಿತ್ತು. ಆದರೆ ನಲ್ಲಿಯಲ್ಲಿ ನೀರು ನಾಲ್ಕು ದಿನಕ್ಕೊಮ್ಮೆ, ಅದೂ ರಾತ್ರಿ ಎರಡು ಗಂಟೆಯ ಮೇಲೆ, ಬೀದಿಯ ಕೊನೆಯ ಕೊಳಾಯಿಯೊಂದರಲ್ಲಿ ಮಾತ್ರ ಬರುತ್ತಿತ್ತು. ಬೇಸಗೆಯಲ್ಲಿ ಮನೆಯೊಡೆಯರ ಬಾವಿಯ ತಳ ಕಂಡಿತು. ಎರಡನೆಯ ವರ್ಷದ ಚೈತ್ರಮಾಸದ ಒಂದು ರಾತ್ರಿ ತುಂಬಿದ ಕೊಡವನ್ನು ಸೊಂಟದಲ್ಲಿಟ್ಟುಕೊಂಡು ಬರುತ್ತಿದ್ದಾಗ ಆಕೆ ಕೆಸರಿನಲ್ಲಿ ಜಾರಿ ಬಿದ್ದಳು. ಬಲಗೈಯ ಮಣಿಕಟ್ಟಿನ ಮೂಳೆ ಮುರಿಯಿತು. ನಾನಾಗ ಮಲಗಿದ್ದೆನು. ಬೆಳಗ್ಗೆ ಶಾಲೆಗೆ ಹೋಗುವವನೆಂದು ನನ್ನನ್ನು ಎಬ್ಬಿಸುವ ವಾಡಿಕೆ ಇರಲಿಲ್ಲ. ಊರಿನಲ್ಲಿ ಮೂಳೆಯ ವೈದ್ಯರಿರಲಿಲ್ಲ. ಜಿಲ್ಲಾ ಕೇಂದ್ರಕ್ಕೆ ಹೋಗುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಹದಿನಾಲ್ಕು ತಿಂಗಳಲ್ಲಿ ನಾನು ಉಳಿಸಿದ ಹಣ 3,500. ಆಕೆಯ ಮಣಿಕಟ್ಟು ಈಗಲೂ ಸ್ವಲ್ಪ ಓರೆಯಾಗಿಯೇ ಇದೆ. ಚಪಾತಿ ಲಟ್ಟಿಸುವಾಗ ಲಟ್ಟಣಿಗೆ ಎಡಕ್ಕೆ ತಿರುಗುತ್ತದೆ. ಈ ಸಂಗತಿಯನ್ನು ಆಕೆ ಎಂದೂ ಎತ್ತಿ ಆಡಿದವಳಲ್ಲ.

ಶಿಷ್ಯನಿಗೆ ಇದನ್ನೆಲ್ಲ ಹೇಳಿದ ಮೇಲೆ, ಸಂಸ್ಕೃತದ ಮೇಷ್ಟ್ರ ಅಭ್ಯಾಸ ಬಿಡಲಾರದೆ, “ಯೋಗಕ್ಷೇಮ ಎಂಬ ಮಾತನ್ನು ಬಿಡಿಸಿ ಅರ್ಥ ಹೇಳು” ಎಂದೆ. ಅವನು ಮರೆತಿರಲಿಲ್ಲ. ಇಲ್ಲದ್ದನ್ನು ಪಡೆಯುವುದು ಯೋಗ, ಪಡೆದದ್ದನ್ನು ಕಾಪಾಡಿಕೊಳ್ಳುವುದು ಕ್ಷೇಮ. ನಾವು ಕಾಗದ ಬರೆಯುವಾಗ ಎರಡನ್ನೂ ಸೇರಿಸಿ ಒಂದೇ ಉಸಿರಿನಲ್ಲಿ ವಿಚಾರಿಸಿಬಿಡುತ್ತೇವೆ. ಆದರೆ ಊರನ್ನು ಆರಿಸುವಾಗ ಇವೆರಡನ್ನು ಬೇರೆಬೇರೆಯಾಗಿ ತೂಗಬೇಕು. ಸಂಬಳವನ್ನು ಕೊಡುವುದು ಸಂಸ್ಥೆ. ಅದು ಕೈಯಲ್ಲಿ ನಿಲ್ಲುವುದೋ ಸೋರಿಹೋಗುವುದೋ ಎಂಬುದು ಬಹುಮಟ್ಟಿಗೆ ಊರನ್ನು ಅವಲಂಬಿಸಿದೆ.

ಊರೂರಿಗೆ ವೆಚ್ಚ ಭಿನ್ನವೆಂಬುದನ್ನು ಸರ್ಕಾರವೂ ಒಪ್ಪಿದೆ. ಕೇಂದ್ರ ಸರ್ಕಾರದ ನೌಕರರಿಗೆ ಕೊಡುವ ಮನೆಬಾಡಿಗೆಯ ಭತ್ಯ 2024ರ ಜನವರಿಯಿಂದ ನಿಗದಿಯಾದ ದರದಂತೆ ಬೆಂಗಳೂರಿನಲ್ಲಿ ಮೂಲವೇತನದ ಶೇಕಡ 30. ಮೈಸೂರು, ಹುಬ್ಬಳ್ಳಿ-ಧಾರವಾಡ, ಮಂಗಳೂರು, ಬೆಳಗಾವಿ, ಕಲಬುರಗಿಗಳಲ್ಲಿ 20. ತುಮಕೂರು, ಹಾಸನ, ಶಿವಮೊಗ್ಗ, ದಾವಣಗೆರೆ ಮೊದಲಾದ ಉಳಿದೆಡೆಗಳಲ್ಲಿ 10. ಸಣ್ಣ ಊರಿಗೆ ಹೋದ ನೌಕರನಿಗೆ ಬಾಡಿಗೆ ಇಳಿಯುವುದರ ಜೊತೆಗೆ ಭತ್ಯವೂ ಇಳಿಯುತ್ತದೆ. ಖಾಸಗಿ ಸಂಸ್ಥೆಗಳಲ್ಲಿಯೂ ಊರು ಬದಲಾದರೆ ಸಂಬಳವನ್ನು ಕಡಿಮೆ ಮಾಡುವವರುಂಟು. “ಸಂಬಳ ಇಷ್ಟೇ ಇರುತ್ತದೆಂದು ಬರವಣಿಗೆಯಲ್ಲಿ ಪಡೆದಿದ್ದೀಯಾ?” ಎಂದು ಕೇಳಿದೆ. ಪಡೆದಿರಲಿಲ್ಲ. ಅವನ ಕಾಗದದ ಮೇಲೆ ಮೊದಲನೆಯ ಟಿಪ್ಪಣಿ ಅದೇ ಆಯಿತು.

ಇನ್ನು 6,500ರ ಮನೆಯ ವಿಚಾರ. ಚಿನ್ನದ ಗಣಿಯ ಊರಿಗೆ 1902ರಲ್ಲಿಯೇ ಶಿವನಸಮುದ್ರದಿಂದ ವಿದ್ಯುಚ್ಛಕ್ತಿ ಬಂದಿತ್ತು. ಆಗ ಬೆಂಗಳೂರಿನ ಬೀದಿಗಳಲ್ಲಿ ಆ ಬೆಳಕಿನ್ನೂ ಇರಲಿಲ್ಲ. ಅಂಥ ಊರಿನ ಗಣಿ 2001ರ ಫೆಬ್ರವರಿಯಲ್ಲಿ ಮುಚ್ಚಿತು. ಅಂದಿನಿಂದ ಅಲ್ಲಿಯ ಸಾವಿರಾರು ಮಂದಿ ನಸುಕಿನಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋಗಿ ರಾತ್ರಿ ಹಿಂದಿರುಗುತ್ತಾರೆ. ಮನೆ ಅಗ್ಗವಾಗುವುದಕ್ಕೆ ಎರಡು ಕಾರಣಗಳಿರಬಹುದು: ಊರು ಇನ್ನೂ ಬೆಳೆದಿಲ್ಲದಿರುವುದು ಒಂದು, ಊರಿನ ಜೀವನೋಪಾಯವೇ ಹೊರಟುಹೋಗಿರುವುದು ಇನ್ನೊಂದು. ದಲ್ಲಾಳಿಗೆ ಎರಡೂ ಒಂದೇ. ಸಂಸಾರಸ್ಥನಿಗೆ ಹಾಗಲ್ಲ, ಅವನ ಮಕ್ಕಳು ಹತ್ತು ವರ್ಷ ಅಲ್ಲಿಯೇ ಬೆಳೆಯಬೇಕಾದವರು. ಆ ಊರಿನವರ ಛಲವನ್ನು ಕಂಡು ನನಗೆ ಗೌರವವುಂಟು. ಆದರೆ ಹುಟ್ಟೂರೆಂಬ ಬಂಧನವಿಲ್ಲದವನು ಬಾಡಿಗೆಯೊಂದನ್ನೇ ನೋಡಿ ಅಲ್ಲಿಗೆ ಹೋಗತಕ್ಕದ್ದೇ ಎಂಬುದನ್ನು ಅವನೇ ಯೋಚಿಸಲಿ ಎಂದು ಬಿಟ್ಟೆನು.

ತುಮಕೂರಿನ ಮೇಲೆ ಅವನಿಗೆ ಒಳಗೊಳಗೇ ಆಸೆಯಿತ್ತು. ಬೆಂಗಳೂರಿಗೆ 70 ಕಿಲೋಮೀಟರು. ಒಂದು ವೇಳೆ ಸಂಸ್ಥೆಯವರು ಮನಸ್ಸು ಬದಲಾಯಿಸಿ ದಿನವೂ ಬಾ ಎಂದರೂ ಹೋಗಿಬರಬಹುದೆಂಬ ಲೆಕ್ಕ. ಇದು ದೂರದೃಷ್ಟಿಯ ಮಾತೇ. ಆದರೆ ನಾನು ಆ ಊರಿನ ನಿಲ್ದಾಣದಲ್ಲಿ ಬೆಳಗಿನ ಜಾವ ನಿಂತು ನೋಡಿದ್ದೇನೆ. ಬುತ್ತಿಯ ಚೀಲವನ್ನು ಹೆಗಲಿಗೇರಿಸಿ ನಿದ್ದೆಗಣ್ಣಿನಲ್ಲಿ ನಿಂತ ತಂದೆಯರು ಹೊರಡುವಾಗ ಮಕ್ಕಳು ಎದ್ದಿರುವುದಿಲ್ಲ, ಬರುವಾಗ ಊಟ ಮಾಡಿ ಮಲಗಿರುತ್ತವೆ. ಮೈಸೂರಿನ ಹೆದ್ದಾರಿ 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಮೇಲೆ ಅಲ್ಲಿಂದಲೂ ಹೀಗೆ ಓಡಾಡಬಹುದೆಂದು ನಂಬಿದವರುಂಟು. ಹೆದ್ದಾರಿಯ ಮೇಲಿನ ಕಾಲವನ್ನು ಮಾತ್ರ ಲೆಕ್ಕ ಹಾಕುತ್ತಾರೆ. ಬೆಂಗಳೂರಿನೊಳಗೆ ಕಚೇರಿಯವರೆಗೆ ತೆವಳುವ ಕಾಲವನ್ನೂ, ದಾರಿಯ ಸುಂಕವನ್ನೂ ಮರೆಯುತ್ತಾರೆ. ಮೈಸೂರಂತೂ 1903ರಲ್ಲಿಯೇ ನಗರಸುಧಾರಣೆಗೆಂದು ಒಂದು ಮಂಡಲಿಯನ್ನು ಪಡೆದು ಕ್ರಮವಾಗಿ ಬೆಳೆದ ಊರು; ಅದರ ಗುಣವನ್ನು ಹೊಗಳಬೇಕಾದುದಿಲ್ಲ. ಆದರೆ ಆ ಗುಣ ಎಲ್ಲರಿಗೂ ಗೊತ್ತಾಗಿಹೋಗಿರುವುದರಿಂದಲೇ ಬಾಡಿಗೆ ಪಟ್ಟಿಯ ತಲೆಯ ಮೇಲೆ ಕುಳಿತಿದೆ.

ನಮ್ಮ ನೀತಿಗ್ರಂಥಗಳವರು ವಾಸಕ್ಕೆ ತಕ್ಕ ಊರಿನ ಲಕ್ಷಣಗಳಲ್ಲಿ ನದಿಯನ್ನೂ ವೈದ್ಯನನ್ನೂ ತಪ್ಪದೆ ಎಣಿಸಿದ್ದಾರೆ. ಹಿತೋಪದೇಶದ ಪಟ್ಟಿಯಲ್ಲಿ ಸಾಲ ಕೊಡುವವನೂ ಸೇರಿದ್ದಾನೆ. ಈಗ ಅವನನ್ನು ಹುಡುಕಿಕೊಂಡು ಹೋಗಬೇಕಾದುದಿಲ್ಲ, ಊಟದ ಹೊತ್ತಿಗೆ ಸರಿಯಾಗಿ ಅವನೇ ಫೋನು ಮಾಡುತ್ತಾನೆ. ನದಿಯ ಮಾತು ಮಾತ್ರ ಹಳತಾಗಿಲ್ಲ. ಬೆಂಗಳೂರು ಸುಮಾರು ನೂರು ಕಿಲೋಮೀಟರು ದೂರದಿಂದ ಕಾವೇರಿಯನ್ನು ಪಂಪುಗಳಿಂದ ಎತ್ತರಕ್ಕೆ ಏರಿಸಿ ತರಿಸಿಕೊಂಡು ಕುಡಿಯುತ್ತದೆ. 2024ರ ಬೇಸಗೆಯಲ್ಲಿ ಕೊಳವೆಬಾವಿಗಳು ಬತ್ತಿದಾಗ ಟ್ಯಾಂಕರಿನ ಮುಂದೆ ಕೊಡಗಳ ಸಾಲು ನಿಂತದ್ದನ್ನು ಎಲ್ಲರೂ ಕಂಡರು. ಶಿವಮೊಗ್ಗದಲ್ಲಿ ತುಂಗೆ ಊರೊಳಗೇ ಹರಿಯುತ್ತಾಳೆ. ಮೈಸೂರಿಗೆ ಕಾವೇರಿ, ಕಬಿನಿ ಎರಡೂ ಸಮೀಪ. ತುಮಕೂರು ಹೇಮಾವತಿಯ ನಾಲೆಯನ್ನು ನಂಬಿದೆ. ದಾವಣಗೆರೆಗೆ ತುಂಗಭದ್ರೆಯ ನೀರಲ್ಲದೆ ಭದ್ರಾ ನಾಲೆಯಿಂದ ತುಂಬುವ ಕುಂದವಾಡದ ಕೆರೆಯೂ ಉಂಟು. ಹುಬ್ಬಳ್ಳಿ-ಧಾರವಾಡಕ್ಕೆ ಮಲಪ್ರಭೆ, ಅಲ್ಲಿ 2008ರಲ್ಲಿ ಕೆಲವು ವಾರ್ಡುಗಳಿಗೆ ಹಗಲೂ ರಾತ್ರಿ ನೀರು ಬರತೊಡಗಿದಾಗ ಪಕ್ಕದ ಬೀದಿಯವರು ಇನ್ನೂ ದಿನಗಳನ್ನೆಣಿಸಿ ಕಾಯುತ್ತಿದ್ದರು. ಆದುದರಿಂದ ಊರಿಗೆ ನದಿಯಿದ್ದರೆ ಸಾಲದು. ನಾವು ಹಿಡಿಯುವ ಮನೆಯ ಬೀದಿಗೆ ಆ ನದಿ ಎಷ್ಟು ದಿನಕ್ಕೊಮ್ಮೆ, ಎಷ್ಟು ಹೊತ್ತಿಗೆ ಬರುತ್ತದೆಂಬುದನ್ನು ತಿಳಿಯಬೇಕು. ಇದನ್ನು ಮನೆಯೊಡೆಯರನ್ನು ಕೇಳಿ ಪ್ರಯೋಜನವಿಲ್ಲ. ಎದುರು ಮನೆಯ ಗೃಹಿಣಿಯನ್ನು ಕೇಳಬೇಕು. ಅದೂ ಶ್ರಾವಣದಲ್ಲಿ ಅಲ್ಲ, ಏಪ್ರಿಲಿನಲ್ಲಿ.

ವೈದ್ಯರ ವಿಚಾರದಲ್ಲಿ ಪಟ್ಟಿಯ ಊರುಗಳೆಲ್ಲ ಹಿಂದಿಗಿಂತ ಎಷ್ಟೋ ಮೇಲು. ಮೈಸೂರಿನ ವೈದ್ಯಕೀಯ ಕಾಲೇಜು 1924ರಷ್ಟು ಹಳೆಯದು; ಹುಬ್ಬಳ್ಳಿಯದು 1957, ದಾವಣಗೆರೆಯದು 1965; ಶಿವಮೊಗ್ಗ, ಹಾಸನಗಳಲ್ಲಿಯೂ ಈಗ ಸರ್ಕಾರದ ವೈದ್ಯಕೀಯ ಕಾಲೇಜುಗಳಿವೆ. ಮನೆಯಲ್ಲಿ ಮುದುಕರಿರುವವರು ಹೊಸ ಊರಿಗೆ ಹೋದಾಗ ರಾತ್ರಿ ಹತ್ತು ಗಂಟೆಯ ಮೇಲೆ ಒಂದು ಸುತ್ತು ಹೋಗಿ, ಹಿಡಿಯಬೇಕೆಂದಿರುವ ಮನೆಯಿಂದ ಎಷ್ಟು ದೂರದಲ್ಲಿ ಔಷಧದಂಗಡಿ ತೆರೆದಿರುತ್ತದೆಂದು ನೋಡಿಕೊಳ್ಳುವುದು ಒಳ್ಳೆಯದು.

ಶಾಲೆಯ ಮಾತು ಬಂದಾಗ ನಾನು ಸ್ವಲ್ಪ ದೀರ್ಘವಾಗಿ ಮಾತನಾಡಿದರೆ ವಾಚಕರು ಕ್ಷಮಿಸಬೇಕು. ಮೂವತ್ತೈದು ವರ್ಷ ಅದರಲ್ಲಿಯೇ ಸವೆದವನು ನಾನು. ಶಿಷ್ಯನು ಪ್ರತಿ ಊರಿನಲ್ಲಿಯೂ ದೊಡ್ಡ ಹೆಸರಿನ ಒಂದೊಂದು ಶಾಲೆಯನ್ನು ಗುರುತಿಸಿದ್ದನು. ಅವುಗಳ ಕಟ್ಟಡದ ಚಿತ್ರಗಳನ್ನೂ ತೋರಿಸಿದನು. ಕಟ್ಟಡ ಪಾಠ ಹೇಳುವುದಿಲ್ಲ. ಶಾಲೆಯನ್ನು ಪರೀಕ್ಷಿಸಬೇಕಾದರೆ ಸಂಜೆ ಗಂಟೆ ಹೊಡೆಯುವ ಹೊತ್ತಿಗೆ ಬಾಗಿಲಲ್ಲಿ ನಿಲ್ಲಬೇಕು: ಮಕ್ಕಳು ಮಾತನಾಡುತ್ತ ಹೊರಗೆ ಬರುತ್ತವೆಯೋ, ಮಂಕಾಗಿ ಬರುತ್ತವೆಯೋ, ಉಪಾಧ್ಯಾಯರನ್ನು ದಾಟಿ ಹೋಗುವಾಗ ನಗುತ್ತವೆಯೋ, ತಲೆ ತಗ್ಗಿಸುತ್ತವೆಯೋ. ಗ್ರಂಥಭಂಡಾರದ ರಿಜಿಸ್ಟರನ್ನು ತೋರಿಸಿರೆಂದು ವಿನಯದಿಂದ ಕೇಳಬೇಕು. ಕೊನೆಯ ಪುಸ್ತಕ ಎಂದು ಹೊರಗೆ ಹೋಗಿದೆ ಎಂಬ ತಾರೀಖು ಬಹಳ ಸಂಗತಿಗಳನ್ನು ಹೇಳುತ್ತದೆ. ಗಣಿತದ ಉಪಾಧ್ಯಾಯರು ಅಲ್ಲಿ ಎಷ್ಟು ವರ್ಷದಿಂದ ಇದ್ದಾರೆ ಎಂದು ವಿಚಾರಿಸಬೇಕು. ವರ್ಷಕ್ಕೊಬ್ಬರು ಬದಲಾಗುವ ಶಾಲೆಯಲ್ಲಿ ಭಿನ್ನರಾಶಿಗಳಲ್ಲಿ ಎಡವಿದ ಹುಡುಗಿಯನ್ನು ಗುರುತಿಸತಕ್ಕವರು ಯಾರು? ಎಲ್ಲಕ್ಕಿಂತ ಹೆಚ್ಚಾಗಿ, ಮಗು ನಡೆದು ಹೋಗಬಹುದಾದಷ್ಟು ದೂರದಲ್ಲಿ ಶಾಲೆಯಿರಬೇಕು. ಬೆಂಗಳೂರಿನಲ್ಲಿ ಆ ಹುಡುಗಿ ದಿನಕ್ಕೆ ಎರಡು ಗಂಟೆ ವಾಹನದಲ್ಲಿ ಕುಳಿತಿರುತ್ತಿದ್ದಳಂತೆ. ವರ್ಷಕ್ಕೆ ಇನ್ನೂರು ದಿನವೆಂದರೂ ನಾನೂರು ಗಂಟೆ. ನಾನು ಒಂದು ತರಗತಿಗೆ ವರ್ಷವೆಲ್ಲ ಪಾಠ ಹೇಳುತ್ತಿದ್ದುದು ಅದರ ಅರ್ಧಕ್ಕಿಂತ ಕಡಿಮೆ.

ಇನ್ನೊಂದು ವಿಷಯ. ಈಗ ಎಂಟು ವರ್ಷದ ಮಗು ಎಂಟು ವರ್ಷಗಳಲ್ಲಿ ಕಾಲೇಜಿನ ಬಾಗಿಲಿಗೆ ಬರುತ್ತದೆ. ಪ್ರೌಢಶಾಲೆಯವರೆಗೆ ಮಾತ್ರ ಅನುಕೂಲವಿರುವ ಊರಿನಲ್ಲಿ ಅಗ್ಗವಾಗಿ ಬಾಳಿದವನು, ಆಮೇಲೆ ಮಗಳನ್ನು ದೂರದ ವಿದ್ಯಾರ್ಥಿನಿಲಯದಲ್ಲಿಟ್ಟು, ಉಳಿಸಿದ್ದನ್ನೆಲ್ಲ ಎರಡೇ ವರ್ಷದಲ್ಲಿ ತೆರುತ್ತಾನೆ. ಈ ದೃಷ್ಟಿಯಿಂದ ಧಾರವಾಡಕ್ಕೆ ಸಮನಾದ ಊರು ವಿರಳ. 1890ರಲ್ಲಿ ವಿದ್ಯಾವರ್ಧಕ ಸಂಘ ಹುಟ್ಟಿದ್ದು, 1917ರಲ್ಲಿ ಕರ್ನಾಟಕ ಕಾಲೇಜು ಆರಂಭವಾದದ್ದು ಅಲ್ಲಿ. ಮಗು ತಿಂಗಳೊಳಗೆ ಹೌದ್ರಿ, ಇಲ್ರಿ ಎಂದು ಮಾತಿಗೊಮ್ಮೆ ಮರ್ಯಾದೆ ಕೊಡುವುದನ್ನು ಶುಲ್ಕವಿಲ್ಲದೆ ಕಲಿಯುತ್ತದೆ. ನನ್ನ ಮನಸ್ಸು ಅಲ್ಲಿಗೇ ಎಳೆಯಿತು. ಆದರೆ ಬೆಂಗಳೂರು ಅಲ್ಲಿಂದ ನಾನೂರು ಕಿಲೋಮೀಟರಿಗೂ ಮಿಕ್ಕ ದೂರ. ಹದಿನೈದು ದಿನಕ್ಕೊಮ್ಮೆ ಹೋಗಿಬರಬೇಕಾದವನಿಗೆ ನಾನು ನನ್ನ ಅಭಿರುಚಿಯನ್ನು ಹೇರಲಾಗದು.

ಹೀಗೆ ನಾವಿಬ್ಬರೂ ಹಜಾರದಲ್ಲಿ ಊರುಗಳನ್ನು ತೂಗುತ್ತಿರುವಾಗ ಒಳಗೆ ಅಡಿಗೆಯ ಮನೆಯಲ್ಲಿ ನನ್ನ ಮನೆಯಾಕೆ ಅವನ ಹೆಂಡತಿಯನ್ನು, “ಏನಮ್ಮಾ, ನಿನಗೆ ಯಾವೂರು ಇಷ್ಟ?” ಎಂದು ಕೇಳಿದಳಂತೆ. ಆ ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಇದುವರೆಗೆ ನನ್ನನ್ನು ಯಾರೂ ಕೇಳಿರಲಿಲ್ಲ, ಅಮ್ಮ” ಎಂದಳಂತೆ. ಆಮೇಲೆ ಹೇಳಿದ್ದಿಷ್ಟು. ಆಕೆ ರಕ್ತಪರೀಕ್ಷೆಯ ಪ್ರಯೋಗಾಲಯದಲ್ಲಿ ಆರು ವರ್ಷ ಕೆಲಸ ಮಾಡಿದವಳು. ಮಗ ಹುಟ್ಟಿದ ಮೇಲೆ, ಮಗುವನ್ನು ನೋಡಿಕೊಳ್ಳುವವರಿಗೆ ಕೊಡುವುದೂ ತನ್ನ ಸಂಬಳವೂ ಸಮವಾದುದರಿಂದ, ಬಿಟ್ಟಿದ್ದಳು. ಆಸ್ಪತ್ರೆಗಳು ಹೆಚ್ಚಾಗಿರುವ ಊರಾದರೆ ಮತ್ತೆ ಸೇರಬಹುದು. ಅತ್ತೆಯ ತಂಗಿ ಇರುವುದು ರಾಣೆಬೆನ್ನೂರಿನಲ್ಲಿ. ಬೆಂಗಳೂರಿಗೆ ಬಂದ ಮೇಲೆ ಅತ್ತೆ ಬಾಯಿಬಿಟ್ಟು ಮಾತನಾಡುವುದು ಆ ತಂಗಿಯೊಡನೆ ಫೋನಿನಲ್ಲಿ ಮಾತ್ರ. “ಮೂರನೆಯ ಅಂತಸ್ತಿನ ಕಿಟಕಿಯಲ್ಲಿ ದಿನವೆಲ್ಲ ಕುಳಿತಿರುತ್ತಾರೆ” ಎಂದಳಂತೆ.

ಮನೆಯಾಕೆ ಕಾಫಿಯ ಲೋಟಗಳನ್ನು ತಂದಿಡುತ್ತ ಈ ಮಾತುಗಳನ್ನು ಹಜಾರಕ್ಕೆ ಮುಟ್ಟಿಸಿದಳು. ಶಿಷ್ಯನು ಕಾಗದವನ್ನು ಮಡಿಸಿಟ್ಟನು. ಅವನ ಪಟ್ಟಿಯಲ್ಲಿ ದಾವಣಗೆರೆ, ಬಿಸಿಲು ಹೆಚ್ಚೆಂಬ ಕಾರಣದಿಂದ, ಕೆಳಗಿನಿಂದ ಮೂರನೆಯದಾಗಿತ್ತು. ರಾಣೆಬೆನ್ನೂರಿಗೆ ಅಲ್ಲಿಂದ ಬಸ್ಸಿನಲ್ಲಿ ಒಂದು ಗಂಟೆಯ ದಾರಿ; ಬೆಂಗಳೂರಿಗೆ ರೈಲಿನಲ್ಲಿ ನಾಲ್ಕೈದು ಗಂಟೆ. ಒಂದು ಕಾಲದಲ್ಲಿ ಅದು ಹತ್ತಿಯ ಗಿರಣಿಗಳ ಊರು. ಗಿರಣಿಗಳು ಒಂದೊಂದಾಗಿ ನಿಂತವು. ಆದರೆ ಅಷ್ಟರಲ್ಲಿ ಊರು ಬೇರೊಂದು ಉಪಾಯವನ್ನು ಕಂಡುಕೊಂಡಿತ್ತು. 1951ರ ಇಂಜಿನಿಯರಿಂಗ್ ಕಾಲೇಜು, ಆಮೇಲೆ ವೈದ್ಯಕೀಯ ಕಾಲೇಜು, 2009ರಲ್ಲಿ ವಿಶ್ವವಿದ್ಯಾನಿಲಯ ಎಂದು ವಿದ್ಯೆಯೇ ಅಲ್ಲಿಯ ಕಸಬಾಯಿತು. ವಿದ್ಯಾರ್ಥಿಗಳಿರುವ ಊರಿನಲ್ಲಿ ಅಗ್ಗದ ತಿಂಡಿಗೆ ಬಡತನವಿಲ್ಲ. ಬೆಣ್ಣೆದೋಸೆಯ ಮಾತನ್ನು ನಾನು ಹೇಳಬೇಕಾದುದೇ ಇಲ್ಲ.

2023ರಲ್ಲಿ ಆರಂಭವಾದ ಸ್ತ್ರೀಯರ ಉಚಿತ ಬಸ್ ಪ್ರಯಾಣದ ಲೆಕ್ಕವನ್ನೂ ಹಿಡಿಯಬೇಕೇ ಎಂದು ಅವನು ಕೇಳಿದನು. ಆ ಅನುಕೂಲ ರಾಜ್ಯದಲ್ಲೆಲ್ಲ ಉಂಟು. ಆದರೆ ಅದಿರುವುದು ಸರ್ಕಾರದ ಬಸ್ಸಿನಲ್ಲಿ. ಕರಾವಳಿಯಂತೆ ಖಾಸಗಿ ಬಸ್ಸುಗಳೇ ಹೆಚ್ಚಾಗಿ ಓಡುವ ಕಡೆ ಅದರ ಪ್ರಯೋಜನ ಕಡಿಮೆ. ರಾಣೆಬೆನ್ನೂರಿನ ದಾರಿಯಲ್ಲಿ ಸರ್ಕಾರದ ಬಸ್ಸಿಗೆ ಕೊರತೆಯಿಲ್ಲವಾದುದರಿಂದ ತಾಯಿಗೆ ತಂಗಿಯ ಮನೆ ಖರ್ಚಿಲ್ಲದ ದೂರವಾಯಿತು.

ಏಪ್ರಿಲಿನಲ್ಲಿ ಗಂಡಹೆಂಡಿರಿಬ್ಬರೂ ಹೋಗಿ ಎರಡು ದಿನ ಇದ್ದು ಒಂಬತ್ತು ಮನೆಗಳನ್ನು ನೋಡಿದರು. ಆರಿಸಿದ್ದು 11,000ದ ಮನೆಯನ್ನಲ್ಲ, 12,500ರದನ್ನು. ಎದುರು ಮನೆಯವರು ನೀರಿನ ವಿಷಯದಲ್ಲಿ ಭರವಸೆ ಕೊಟ್ಟರೆಂದೂ, ಶಾಲೆ ಎಂಟು ನಿಮಿಷದ ನಡಿಗೆಯೆಂದೂ ಅವಳೇ ಹಟ ಹಿಡಿದಳಂತೆ. ಮೇ ತಿಂಗಳ ಕೊನೆಯಲ್ಲಿ, ವರ್ಗಾವಣೆಯ ಪತ್ರವನ್ನು ಪಡೆದು, ಶಾಲೆಗಳು ತೆರೆಯುವ ಹೊತ್ತಿಗೆ ಸಾಮಾನು ಸಾಗಿಸಿದರು.

ಎಲ್ಲವೂ ಸುಗಮವಾಯಿತೆಂದಲ್ಲ. ಅವಳಿಗೆ ಕೆಲಸವೇನೋ ಸಿಕ್ಕಿತು. ಸಂಬಳ ಮೊದಲಿನದಕ್ಕಿಂತ ಕಡಿಮೆ. ಅವನ ಪ್ರಯಾಣಕ್ಕೂ ಬೆಂಗಳೂರಿನ ರಾತ್ರಿಗಳಿಗೂ ತಿಂಗಳಿಗೆ ಐದು ಸಾವಿರ ಆಗುತ್ತದೆ. ಇದು ಅವನ ಪಟ್ಟಿಯಲ್ಲಿರಲಿಲ್ಲ. ಮಗಳು ಹಳೆಯ ಗೆಳತಿಯನ್ನು ನೆನೆದು ಮೊದಲ ತಿಂಗಳೆಲ್ಲ ಅತ್ತಳಂತೆ. ನವರಾತ್ರಿಯಲ್ಲಿ ಫೋನು ಮಾಡಿದ ತಾಯಿ ಮಾತ್ರ ನನ್ನೊಡನೆ ಅರ್ಧ ಗಂಟೆ ಮಾತನಾಡಿದರು. ಸಂಕ್ರಾಂತಿಯಲ್ಲಿ ನಮ್ಮ ಮನೆಯಲ್ಲಿದ್ದ ಎರಡು ದಿನ ಅವರ ದನಿಯನ್ನು ನಾನು ಕೇಳಿರಲೇ ಇಲ್ಲ.

ಈಗ ಶಿಷ್ಯನಿಗೆ ಹೊಸ ಆಸೆ. ಊರ ಹೊರಗೆ ಒಂದು ನಿವೇಶನ ಬಹಳ ಅಗ್ಗವಾಗಿ ಬರುತ್ತದೆ, ಕೊಳ್ಳಲೇ ಎಂದು ಬರೆದಿದ್ದಾನೆ. ಭೂಪರಿವರ್ತನೆಯಾಗಿದೆಯೇ, ಬಡಾವಣೆಯ ನಕ್ಷೆಗೆ ನಗರಾಭಿವೃದ್ಧಿ ಪ್ರಾಧಿಕಾರದ ಒಪ್ಪಿಗೆಯಿದೆಯೇ, ರೇರಾದಲ್ಲಿ ನೋಂದಣಿಯಾಗಿದೆಯೇ, ಇ-ಖಾತೆ ಇದೆಯೇ, ಋಣಭಾರ ಪತ್ರ ಏನು ಹೇಳುತ್ತದೆ ಎಂದು ಮರುಟಪಾಲಿನಲ್ಲಿಯೇ ಕೇಳಿದ್ದೇನೆ. ಒಂದು ಬೇಸಗೆಯನ್ನಾದರೂ ಆ ಊರಿನಲ್ಲಿ ಪೂರ್ತಿಯಾಗಿ ಕಳೆಯುವವರೆಗೆ ಮುಂಗಡ ಕೊಡಬೇಡ ಎಂದೂ ಬರೆದಿದ್ದೇನೆ. ಏಪ್ರಿಲಿನಲ್ಲಿ ನಾನೇ ಹೋಗಿ ಆ ಜಾಗವನ್ನು ನೋಡುವುದೆಂದು ಗೊತ್ತಾಗಿದೆ. ಮನೆಯಾಕೆ ತಾನೂ ಬರುತ್ತೇನೆಂದಳು. ಜಾಗವನ್ನು ನೀವು ನೋಡಿ, ಅಲ್ಲಿಯ ಕೊಳಾಯಿಯನ್ನು ನಾನು ನೋಡುತ್ತೇನೆ ಎಂದಳು.